ಅಡಿಕೆ ತೋಟದ ಎರಡು ಪುಸ್ತಕ: ಕೂಲಿ ಲೆಕ್ಕ ಮತ್ತು ಮಳೆ ಲೆಕ್ಕ

ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುವ ಅಡಿಕೆ ಬೆಳೆಗಾರರಿಗೆ ಎರಡು ಅಂಕಿಗಳು ಬಾಯಿಪಾಠವಾಗಿವೆ. ಇತ್ತೀಚಿನ ವರ್ಷಗಳ ಅಧಿಸೂಚನೆಗಳಲ್ಲಿ ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂ., ರೈತ ಕಟ್ಟುವ ಕಂತು ಅದರ 5%, ಅಂದರೆ 6,400 ರೂ. ಎಕರೆಗೆ ಇಳಿಸಿದರೆ ಮೊತ್ತ ಸುಮಾರು 51,800 ರೂ. ಆಯಿತು. ಮಳೆ ಎಷ್ಟೇ ಸುರಿಯಲಿ, ಕೊಳೆ ರೋಗಕ್ಕೆ ಇಡೀ ತೋಟದ ಕಾಯಿ ಉದುರಲಿ, ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ. ಕಂತು, ಪರಿಹಾರ, ವಿಮಾ ಕಂಪನಿಯ ಬಗ್ಗೆ ಊರೂರಲ್ಲಿ ಚರ್ಚೆಯಾಗುತ್ತದೆ. ಈ ಗರಿಷ್ಠ ಮೊತ್ತ ಎಲ್ಲಿಂದ ಬಂತು ಎಂದು ಕೇಳುವವರು ಮಾತ್ರ ಕಡಿಮೆ.

ಬೆಳೆ ವಿಮೆಯಲ್ಲಿ ವಿಮಾ ಮೊತ್ತ ಸ್ಥೂಲವಾಗಿ ನಿಂತಿರುವುದು ಬೆಳೆಯ ಸಾಲ ಪ್ರಮಾಣದ ಮೇಲೆ. ಬ್ಯಾಂಕಿನವರು ‘ಸ್ಕೇಲ್ ಆಫ್ ಫೈನಾನ್ಸ್’ ಎನ್ನುವುದು ಇದಕ್ಕೇ. ಒಂದು ಎಕರೆಗೆ ಯಾವ ಬೆಳೆಗೆ ಎಷ್ಟು ಸಾಲ ಕೊಡಬಹುದು ಎಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ವರ್ಷವರ್ಷ ಲೆಕ್ಕ ಹಾಕುತ್ತದೆ. ಸಹಕಾರಿ ಬ್ಯಾಂಕು, ಇತರ ಬ್ಯಾಂಕುಗಳು, ಕೃಷಿ ಮತ್ತು ತೋಟಗಾರಿಕೆ ಇಲಾಖೆ, ಒಂದಿಬ್ಬರು ರೈತ ಪ್ರತಿನಿಧಿಗಳು ಅಲ್ಲಿ ಕೂರುತ್ತಾರೆ. ಗೊಬ್ಬರದ ಬೆಲೆ, ಕೊಳೆ ರೋಗದ ಮದ್ದಿಗೆ ಬಳಸುವ ಮೈಲುತುತ್ತದ ಬೆಲೆಗೆ ಅಂಗಡಿಯ ರಸೀದಿ ಇರುತ್ತದೆ. ಅಡಿಕೆಯಂಥ ಬೆಳೆಯಲ್ಲಿ ಖರ್ಚಿನ ದೊಡ್ಡ ಪಾಲು ಕೂಲಿ, ಆದರೆ ಅದಕ್ಕೆ ರಸೀದಿಯೇ ಇಲ್ಲ. ಆಗ ಹಳೆಯ ಅಂಕಿಗೆ ಒಂದಿಷ್ಟು ಶೇಕಡಾ ಸೇರಿಸಿ ಮುಂದಕ್ಕೆ ಹೋಗುವುದೇ ಸುಲಭ. ಕೂಲಿ ಕಡಿಮೆ ದಾಖಲಾದರೆ ಸಾಲ ಪ್ರಮಾಣ ಕಡಿಮೆ, ಸಾಲ ಪ್ರಮಾಣ ಕಡಿಮೆಯಾದರೆ ವಿಮಾ ಮೊತ್ತವೂ ಕಡಿಮೆ. ಕೂಲಿ ಪುಸ್ತಕ ಮತ್ತು ಮಳೆ ಪುಸ್ತಕ ಬೇರೆ ಬೇರೆ ಎಂದು ನಾವು ತಿಳಿದಿದ್ದರೂ ಕಚೇರಿಯ ಕಡತದಲ್ಲಿ ಅವೆರಡೂ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ.

ಕೂಲಿ ಎಲ್ಲಿ ಸೋರಿಹೋಗುತ್ತದೆ

‘ಈಗ ಆಳಿಗೆ ಎಷ್ಟು?’ ಎಂದು ಯಾರಾದರೂ ಕೇಳಿದರೆ ಬರುವ ಉತ್ತರ ಒಂದೇ ಅಂಕಿ. ಆ ಅಂಕಿಯಲ್ಲಿ ತಿಂಡಿ, ಊಟ, ಎರಡು ಸಲದ ಚಹಾ, ಜೀಪಿನಲ್ಲಿ ಕರೆದುತಂದು ಬಿಟ್ಟುಬರುವ ಖರ್ಚು ಇರುವುದಿಲ್ಲ. ಲೆಕ್ಕಕ್ಕೆ ಹೇಳುವುದಾದರೆ, ಕೈಗೆ ಕೊಟ್ಟದ್ದು 600, ಊಟ ತಿಂಡಿಗೆ 80, ವಾಹನಕ್ಕೆ ತಲಾ 50. ನಿಜವಾದ ಖರ್ಚು 730, ಹೇಳಿದ್ದು 600. ಎಕರೆಗೆ 60 ಕೂಲಿ ಆಳು, ಮನೆಯವರ 40 ದಿನದ ದುಡಿಮೆ ಎಂದುಕೊಳ್ಳಿ. ಉತ್ಪಾದನಾ ವೆಚ್ಚದ ಅಧ್ಯಯನಗಳಲ್ಲಿ ಮನೆಯವರ ದುಡಿಮೆಗೂ ಊರಿನ ಕೂಲಿ ದರವನ್ನೇ ಕಟ್ಟುವುದರಿಂದ ವ್ಯತ್ಯಾಸ 60 ದಿನಕ್ಕೆ ನಿಲ್ಲದೆ 100 ದಿನಕ್ಕೂ ಬೀಳುತ್ತದೆ. 130 ರೂಪಾಯಿಯ ಮರೆವು ಎಕರೆಗೆ 13,000 ರೂ. ಆಗುವುದು ಹೀಗೆ.

ಎರಡನೆಯ ಸೋರಿಕೆ ಗಂಟೆಯದು. ಕೇಂದ್ರದ ಲೇಬರ್ ಬ್ಯೂರೋ ಪ್ರಕಟಿಸುವ ಗ್ರಾಮೀಣ ಕೂಲಿ ದರಗಳು 8 ಗಂಟೆಯ ದಿನಕ್ಕೆ ಹೊಂದಿಸಿದವು. ನಮ್ಮಲ್ಲಿ ಕೆಲಸ ನಿಜವಾಗಿ 6 ಗಂಟೆ ನಡೆದು 600 ರೂ. ಕೊಟ್ಟಿದ್ದರೆ 8 ಗಂಟೆಯ ದರ 800 ಆಗುತ್ತದೆ. ಗಂಟೆ ಬರೆಯದ ಪುಸ್ತಕದಿಂದ ಇದನ್ನು ಯಾರೂ ತೆಗೆಯಲಾರರು.

ಮೂರನೆಯದು, ಅಡಿಕೆಗೇ ವಿಶೇಷವಾದದ್ದು, ಗುತ್ತಿಗೆ ಕೆಲಸ. ಮದ್ದು ಹೊಡೆಯುವುದು ಮರದ ಲೆಕ್ಕ ಅಥವಾ ಬ್ಯಾರೆಲ್ ಲೆಕ್ಕ, ಕೊನೆ (ಅಡಿಕೆ ಗೊನೆ) ತೆಗೆಯುವುದು ಮರದ ಅಥವಾ ಗೊನೆಯ ಲೆಕ್ಕ, ಸುಲಿಯುವುದು ಕಿಲೋ ಲೆಕ್ಕ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಹೆಕ್ಟೇರಿಗೆ ಸುಮಾರು 1,370, ಎಕರೆಗೆ ಸುಮಾರು 550 ಮರ. ಮಳೆಗಾಲದಲ್ಲಿ ಎರಡು ಸಲ ಮದ್ದು ಹೊಡೆದರೆ 1,100 ಮರದ ಕೂಲಿ. ಮರಕ್ಕೆ 3 ರೂ. ಹೆಚ್ಚು ಕೊಟ್ಟದ್ದು ದಾಖಲಾಗದಿದ್ದರೆ ಎಕರೆಗೆ 3,300 ರೂ. ಕಾಣೆ. ಮಳೆ ಬಿಡುವು ಕೊಡದೆ ಮೂರನೆಯ ಸಲ ಹೊಡೆಯಬೇಕಾದ ವರ್ಷ ಅದು ಇನ್ನೂ ಹೆಚ್ಚು. ಆ ಮೂರನೆಯ ಸಿಂಪಡಣೆಯ ಕೂಲಿಯೇ ಹವಾಮಾನ ನಷ್ಟದ ಒಂದು ಭಾಗ. ಅದನ್ನು ಸಾಮಾನ್ಯ ಖರ್ಚಿನ ಪಟ್ಟಿಯಲ್ಲಿ ಸೇರಿಸಿ ಮರೆತುಬಿಡುವವರೇ ಹೆಚ್ಚು.

ಭತ್ತ, ರಾಗಿಯ ಬೆಳೆಗಾರರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಬೆಂಬಲ ಬೆಲೆಯ ಬೆಳೆಗಳ ಸಾಗುವಳಿ ವೆಚ್ಚವನ್ನು ಅಳೆಯಲು 1970–71ರಿಂದ ಕೇಂದ್ರದ ಯೋಜನೆಯೊಂದು ನಡೆಯುತ್ತಿದೆ. ಆಯ್ದ ಹಳ್ಳಿಗಳಲ್ಲಿ ಕ್ಷೇತ್ರ ಸಹಾಯಕರು ರೈತರ ದಿನದಿನದ ಖರ್ಚನ್ನು ಬರೆದುಕೊಳ್ಳುತ್ತಾರೆ. ಕೈಯಿಂದ ಕೊಟ್ಟ ಖರ್ಚು ಮತ್ತು ಮನೆಯವರ ದುಡಿಮೆಯ ಬೆಲೆ ಸೇರಿದ್ದು ‘ಎ2 + ಎಫ್‌ಎಲ್’ ವೆಚ್ಚ. 2018–19ರಿಂದ ಬೆಂಬಲ ಬೆಲೆ ಇದರ ಒಂದೂವರೆ ಪಟ್ಟಿಗಿಂತ ಕಡಿಮೆಯಾಗದಂತೆ ನಿಗದಿಯಾಗುತ್ತಿದೆ. 2025–26ರ ರಾಗಿಯನ್ನೇ ನೋಡಿ: ಕ್ವಿಂಟಲಿಗೆ ವೆಚ್ಚ 3,257 ರೂ., ಬೆಂಬಲ ಬೆಲೆ 4,886 ರೂ. ಲೆಕ್ಕದಲ್ಲಿ ಸೇರಿದ ಒಂದು ರೂಪಾಯಿ ಕೂಲಿ ಬೆಲೆಯಲ್ಲಿ ಒಂದೂವರೆ ರೂಪಾಯಿಯಾಗಿ ಹೊರಬರುತ್ತದೆ. ಇದು ಇಡೀ ದೇಶದ ಸರಾಸರಿ, ನಿಜ. ಆದರೆ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ ಆಗಿರುವುದರಿಂದ ನಮ್ಮ ಹಳ್ಳಿಗಳ ಕೂಲಿಗೆ ಅಲ್ಲಿ ತೂಕ ಹೆಚ್ಚು.

ಅಡಿಕೆ, ಕಾಳುಮೆಣಸು, ಶುಂಠಿ, ಮಾವಿಗೆ ಬೆಂಬಲ ಬೆಲೆಯೂ ಇಲ್ಲ, ಅದಕ್ಕಾಗಿ ನಡೆಯುವ ನಿತ್ಯದ ಅಳತೆಯೂ ಇಲ್ಲ. ಬೆಲೆ ಕುಸಿದಾಗಲೇ ವೆಚ್ಚದ ಅಂಕಿ ಹುಡುಕುವ ಓಡಾಟ. 2025ರ ಜೂನ್‌ನಲ್ಲಿ ಮಾವಿನ ಬೆಲೆ ನೆಲ ಕಚ್ಚಿದಾಗ ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆದ ಪತ್ರದಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗದ ಕ್ವಿಂಟಲಿಗೆ 5,466 ರೂ. ಎಂಬ ವೆಚ್ಚದ ಅಂಕಿಯನ್ನು ಮುಂದಿಟ್ಟಿತು. ಕೊನೆಗೆ ತೋತಾಪುರಿ ಮಾವಿಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಒಪ್ಪಿಗೆಯಾದ ದರ 1,616 ರೂ. ಎರಡೂ ಅಂಕಿ ಒಂದೇ ತಳಿಗೆ, ಒಂದೇ ಉದ್ದೇಶಕ್ಕೆ ಸೇರಿದವಲ್ಲ ಎಂಬುದು ಸರಿ. ಆದರೂ ಮಾತುಕತೆಗೆ ಕೂತಾಗ ತಳಿವಾರು, ಜಿಲ್ಲಾವಾರು ವೆಚ್ಚ ಕೈಯಲ್ಲಿರುವ ಪಕ್ಷಕ್ಕೂ ಇಲ್ಲದ ಪಕ್ಷಕ್ಕೂ ಅಜಗಜಾಂತರ. ಆಮದು ಅಡಿಕೆಯ ಕನಿಷ್ಠ ಬೆಲೆ 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತಲ್ಲ, ಆಗಲೂ ಬೆಳೆಗಾರರ ಸಂಸ್ಥೆಗಳ ಮುಖ್ಯ ವಾದ ಉತ್ಪಾದನಾ ವೆಚ್ಚ ಏರಿದೆ ಎಂಬುದೇ ಆಗಿತ್ತು.

ಪುಸ್ತಕದಲ್ಲಿ ಏನಿರಬೇಕು

ನೂರು ಪುಟದ ನೋಟ್‌ಬುಕ್ ಸಾಕು. ದಿನಾಂಕ, ಸರ್ವೆ ನಂಬರು ಅಥವಾ ತೋಟದ ಹೆಸರು, ಕೆಲಸ, ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು, ಗಂಟೆ, ದಿನಗೂಲಿಯೋ ಗುತ್ತಿಗೆಯೋ, ಕೊಟ್ಟ ಹಣ, ಊಟ ವಾಹನದ ಖರ್ಚು, ಮನೆಯವರ ದುಡಿಮೆ, ಆದ ಕೆಲಸದ ಪ್ರಮಾಣ. ಕೊನೆಯ ಕಾಲಂ ಬಿಡಬೇಡಿ. ಎಷ್ಟು ಮರಕ್ಕೆ ಮದ್ದಾಯಿತು, ಎಷ್ಟು ಕಿಲೋ ಸುಲಿದರು ಎಂಬುದಿದ್ದರೆ ಮಾತ್ರ ಗುತ್ತಿಗೆ ಲೆಕ್ಕವನ್ನು ದಿನಗೂಲಿಗೆ ಪರಿವರ್ತಿಸಬಹುದು.

ಮುಂಗಡವನ್ನು ಕೊಟ್ಟ ದಿನ ಕೂಲಿ ಎಂದು ಬರೆಯಬಾರದು. ಅದು ಕೆಲಸದಲ್ಲಿ ವಜಾ ಆದ ದಿನ ಕೂಲಿ. ಎರಡೂ ಕಡೆ ಬರೆದು ವೆಚ್ಚ ಇಮ್ಮಡಿಯಾಗಿ, ಪರಿಶೀಲನೆಯಲ್ಲಿ ಇಡೀ ಪುಸ್ತಕವೇ ಅನುಮಾನಕ್ಕೆ ಈಡಾಗುವುದು ಸಾಮಾನ್ಯ ಎಡವಟ್ಟು. ಮುಯ್ಯಾಳಿನ ಕೆಲಸಕ್ಕೆ ಹಣ ಕೈ ಬದಲಾಗದಿದ್ದರೂ ದಿನ ಬರೆಯಬೇಕು, ಏಕೆಂದರೆ ಆ ದಿನ ನಿಮ್ಮ ಮನೆಯಿಂದ ಬೇರೆ ತೋಟಕ್ಕೆ ವಾಪಸು ಹೋಗುತ್ತದೆ.

ಹಂಚಿಕೊಳ್ಳುವುದು ಎಂದರೆ ಪುಸ್ತಕವನ್ನೇ ಊರ ಮುಂದೆ ಇಡುವುದಲ್ಲ. ಪ್ರಾಥಮಿಕ ಸಹಕಾರ ಸಂಘವೋ ಬೆಳೆಗಾರರ ಸಂಘವೋ ತಿಂಗಳಿಗೊಮ್ಮೆ ಕೆಲಸವಾರು ದರಗಳನ್ನು ಮಾತ್ರ ಪಡೆಯಬೇಕು, ಹೆಸರಿಲ್ಲದೆ. ಒಂದು ಕೆಲಸಕ್ಕೆ ಐದು ತೋಟಗಳಿಗಿಂತ ಕಡಿಮೆ ಮಾಹಿತಿ ಇದ್ದರೆ ಆ ಅಂಕಿಯನ್ನು ಹೊರಗೆ ಬಿಡಬಾರದು. ಸಣ್ಣ ಊರಲ್ಲಿ ಮೂರು ತೋಟದ ಸರಾಸರಿ ನೋಡಿದರೆ ಯಾರದೆಂದು ಮಕ್ಕಳೂ ಹೇಳಿಬಿಡುತ್ತಾರೆ. ಸರಾಸರಿಗಿಂತ ಮಧ್ಯದ ಅಂಕಿ ಉತ್ತಮ: ಬಂದ ದರಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ತೆಗೆದುಕೊಂಡರೆ, ಮರ ಹತ್ತುವವರು ಸಿಗದೆ ಒಂದೇ ದಿನ ದುಪ್ಪಟ್ಟು ಕೊಟ್ಟ ಒಬ್ಬರ ಅಂಕಿ ಎಲ್ಲರದ್ದನ್ನೂ ಎಳೆಯುವುದಿಲ್ಲ. ದೊಡ್ಡ ತೋಟದವರಷ್ಟೇ ಮಾಹಿತಿ ಕೊಡುವ ಸಂಘದ ಅಂಕಿ ದೊಡ್ಡ ತೋಟದ ಅಂಕಿಯೇ ಆಗಿರುತ್ತದೆ. ಒಂದೆರಡು ಎಕರೆಯವರನ್ನು ಹುಡುಕಿಕೊಂಡು ಹೋಗಿ ಕೇಳಬೇಕು.

ಇಲ್ಲೊಂದು ಗೆರೆ ಇದೆ. ಕಳೆದ ತಿಂಗಳು ಕೊಟ್ಟ ಕೂಲಿಯನ್ನು ಒಟ್ಟುಗೂಡಿಸುವುದು ಅಂಕಿ ಅಂಶ. ಮುಂದಿನ ತಿಂಗಳು ಇದಕ್ಕಿಂತ ಹೆಚ್ಚು ಯಾರೂ ಕೊಡಬಾರದು ಎಂದು ಸಂಘದ ಸಭೆಯಲ್ಲಿ ಕಟ್ಟು ಹಾಕುವುದು ಅಂಕಿ ಅಂಶವಲ್ಲ, ದುಡಿಯುವವರ ವಿರುದ್ಧದ ಕೂಟ. ಅದು ಕಾನೂನಿನ ತೊಡಕನ್ನೂ ತರುತ್ತದೆ, ಆಳುಗಳನ್ನು ಬೇರೆ ಊರಿಗೂ ಓಡಿಸುತ್ತದೆ. ಒಂದೇ ಕೆಲಸಕ್ಕೆ ಹೆಣ್ಣಾಳಿಗೆ ಕಡಿಮೆ ಕೊಟ್ಟದ್ದು ಪುಸ್ತಕದಲ್ಲಿ ಕಾಣುತ್ತದಲ್ಲ ಎಂಬ ಮುಜುಗರ ಕೆಲವರಿಗಿದೆ. ಕಾಣಲಿ. 1976ರ ಸಮಾನ ವೇತನ ಕಾಯ್ದೆಯ ಕಾಲದಿಂದಲೂ ಅದು ತಪ್ಪೇ. ಪುಸ್ತಕ ಮುಚ್ಚಿಟ್ಟರೆ ಸರಿಯಾಗುವುದಿಲ್ಲ.

ಮಳೆಯ ಕಡೆ: ಮೂರು ಬಾಗಿಲು, ಮೂರು ನಿಯಮ

ನಷ್ಟವಾದಾಗ ‘ಅರ್ಜಿ ಕೊಟ್ಟಿದ್ದೇನೆ’ ಎನ್ನುವವರಲ್ಲಿ ಅನೇಕರು ತಪ್ಪು ಬಾಗಿಲು ತಟ್ಟಿರುತ್ತಾರೆ.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ತೋಟವನ್ನು ಯಾರೂ ನೋಡುವುದಿಲ್ಲ. ನೋಡುವುದು ಮಳೆಮಾಪಕವನ್ನು. ಬೆಳೆವಾರು ಷರತ್ತು ಪಟ್ಟಿಯಲ್ಲಿ ಯಾವ ಅವಧಿಯಲ್ಲಿ ಎಷ್ಟು ಮಳೆ, ಎಷ್ಟು ಸತತ ಮಳೆ ದಿನ ಅಥವಾ ಎಷ್ಟು ಉಷ್ಣಾಂಶ ದಾಟಿದರೆ ಪರಿಹಾರ ಶುರು, ಎಲ್ಲಿಗೆ ಮುಗಿತಾಯ ಎಂದು ಬರೆದಿರುತ್ತದೆ. ಉದಾಹರಣೆಗೆ ಒಂದು ಅವಧಿಗೆ 500 ಮಿ.ಮೀ. ಮಿತಿ, ಅದರ ಮೇಲೆ ಪ್ರತಿ ಮಿ.ಮೀ.ಗೆ 50 ರೂ. ಎಂದಿದ್ದರೆ, 560 ಮಿ.ಮೀ. ದಾಖಲಾದಾಗ 3,000 ರೂ. ಅದೇ ಮಾಪಕ ಎಲೆ ಕಟ್ಟಿಕೊಂಡು 495 ತೋರಿಸಿದರೆ ಸೊನ್ನೆ. ತೋಟದಲ್ಲಿ ಉದುರಿದ ಕಾಯಿಗೂ ಈ ಸೊನ್ನೆಗೂ ಸಂಬಂಧವಿಲ್ಲ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಮಲೆನಾಡಿಗೆ ಅದೂ ಸಾಲದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಒಂದು ಗುಡ್ಡದ ಈಚೆ ಆಚೆಗೂ ವ್ಯತ್ಯಾಸವಿರುತ್ತದೆ. ಮಾಪಕಗಳು ಕೆಡುವುದೂ ಉಂಟು: ಕೊಳವೆಯಲ್ಲಿ ಕಸ, ಬ್ಯಾಟರಿ ಇಳಿಕೆ, ಮೇಲೆ ಚಾಚಿದ ಕೊಂಬೆ. ಹತ್ತಿರದ ಮರ ಅಥವಾ ಗೋಡೆ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಬಟ್ಟಲು ಮಗುಚಿ ಎಣಿಸುವ ಮಾದರಿಯ ಮಾಪಕ ಬಿರುಮಳೆಯಲ್ಲಿ ಸ್ವಲ್ಪ ಕಡಿಮೆಯೇ ಎಣಿಸುತ್ತದೆ. ಕೆಟ್ಟುನಿಂತರೆ ಬದಲಿ ಕೇಂದ್ರದ ಅಂಕಿ ಬಳಸಲು ನಿಯಮದಲ್ಲಿ ಅವಕಾಶವಿದೆ, ಆದರೆ ಆ ಬದಲಿ ಕೇಂದ್ರ ಗುಡ್ಡದ ಆಚೆಗಿದ್ದರೆ ಬರುವುದು ಗುಡ್ಡದ ಆಚೆಯ ಮಳೆ.

ಇದಕ್ಕೆ ಬೆಳೆಗಾರರ ಕೈಯಲ್ಲಿರುವ ಉತ್ತರ ಸ್ವಂತ ಮಾಪಕ. ಮಲೆನಾಡು, ಕೊಡಗಿನ ಮನೆಗಳಲ್ಲಿ ಮಳೆ ಡೈರಿ ಹೊಸದೇನಲ್ಲ. ಅದನ್ನು ಶಿಸ್ತಿಗೆ ತರಬೇಕಷ್ಟೆ. ನೇರ ಗೋಡೆಯ, ಸಮತಟ್ಟು ತಳದ ಪಾತ್ರೆಯಾದರೆ ನಿಂತ ನೀರಿನ ಎತ್ತರವೇ ಮಿ.ಮೀ. ಲೆಕ್ಕ. 200 ಚದರ ಸೆಂ.ಮೀ. ಬಾಯಿಯ ಕೊಳವೆಯಾದರೆ 20 ಮಿ.ಲೀ. ನೀರು 1 ಮಿ.ಮೀ. ಮಳೆ. ಬೆಳಗ್ಗೆ 8.30ಕ್ಕೆ ಅಳೆಯಬೇಕು, ಹವಾಮಾನ ಇಲಾಖೆಯ ಮಳೆ ದಿನ 8.30ರಿಂದ 8.30ಕ್ಕೆ. 7 ಗಂಟೆಗೆ ಅಳೆದ ಡೈರಿ ಸರ್ಕಾರಿ ಅಂಕಿಯ ಜೊತೆ ಎಷ್ಟೋ ದಿನ ತಾಳೆಯಾಗದೆ ‘ಇದು ನಂಬಲಾಗದ್ದು’ ಎನಿಸಿಕೊಂಡು ಮೂಲೆ ಸೇರುತ್ತದೆ. ಒಂದು ಪಂಚಾಯಿತಿಯಲ್ಲಿ ಎಂಟು ಹತ್ತು ಡೈರಿಗಳು ಒಂದೇ ಮಾತು ಹೇಳಿ, ಸರ್ಕಾರಿ ಮಾಪಕ ಮಾತ್ರ ಸೊನ್ನೆ ಎಂದರೆ ಆಗ ದೂರಿಗೆ ಬಲ ಬರುತ್ತದೆ. ದೂರು ಮಳೆಗಾಲದಲ್ಲೇ ಹೋಗಬೇಕು. ಪರಿಹಾರ ಬಂದಿಲ್ಲವೆಂದು ಮರುವರ್ಷ ದೂರಿದರೆ ಆಗ ಮಾಪಕ ಕೆಟ್ಟಿತ್ತು ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ಆಲಿಕಲ್ಲು, ಮೇಘಸ್ಫೋಟದಂಥ ಹೆಚ್ಚುವರಿ ರಕ್ಷಣೆ ಇರುವಲ್ಲಿ ಮಾತ್ರ ಇದೇ ವಿಮೆಯಲ್ಲೂ ಪ್ರತ್ಯೇಕ ತೋಟದ ನಷ್ಟ ಲೆಕ್ಕಕ್ಕೆ ಬರುತ್ತದೆ, ಅದನ್ನು 72 ಗಂಟೆಯೊಳಗೆ ತಿಳಿಸಬೇಕು.

ಎರಡನೆಯ ಬಾಗಿಲು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ, ತೋಟದ ಜೊತೆ ಗದ್ದೆ, ಹೊಲ ಇರುವವರಿಗೆ. ಸ್ಥಳೀಯ ವಿಕೋಪ ಮತ್ತು ಕೊಯ್ದು ಹರಡಿದ ಬೆಳೆಗೆ 14 ದಿನದೊಳಗೆ ಬಂದ ಅಕಾಲಿಕ ಮಳೆ, ಇವೆರಡಕ್ಕೂ ಅದೇ 72 ಗಂಟೆ. ದೂರವಾಣಿ 14447. ಶನಿವಾರ ರಾತ್ರಿ ಆಲಿಕಲ್ಲು ಬಿದ್ದರೆ ಸೋಮವಾರ ಕಚೇರಿ ತೆರೆಯಲಿ ಎಂದು ಕಾಯುವುದರಲ್ಲೇ ಅರ್ಧ ಅವಧಿ ಕಳೆದಿರುತ್ತದೆ.

ಮೂರನೆಯದು ಕಂದಾಯ ಇಲಾಖೆಯ ವಿಪತ್ತು ಪರಿಹಾರ. ಇದಕ್ಕೆ ವಿಮೆ ಬೇಡ. ಅಧಿಸೂಚಿತ ವಿಪತ್ತಿನಿಂದ 33% ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋಗಿರಬೇಕು. 2022–26ರ ಕೇಂದ್ರ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂ., ಗರಿಷ್ಠ 2 ಹೆಕ್ಟೇರಿಗೆ. ಅಡಿಕೆಗೆ ಎಕರೆ ಲೆಕ್ಕದಲ್ಲಿ ಸುಮಾರು 9,100 ರೂ. ಮೊತ್ತ ಚಿಕ್ಕದೆಂದು ಅರ್ಜಿ ಕೊಡದಿರುವವರು ಒಂದು ಮಾತು ಮರೆಯುತ್ತಾರೆ: ತಾಲ್ಲೂಕಿನ ನಷ್ಟದ ಪಟ್ಟಿ, ಜಿಲ್ಲೆಯ ವರದಿ, ರಾಜ್ಯ ಕೇಂದ್ರಕ್ಕೆ ಕಳಿಸುವ ಮನವಿ ಎಲ್ಲವೂ ಇದೇ ಅರ್ಜಿ ಮತ್ತು ಇಲಾಖೆಗಳು ಸೇರಿ ನಡೆಸುವ ಜಂಟಿ ಸಮೀಕ್ಷೆಯ ಮೊತ್ತ. ಬೆಳೆ ಸಾಲ ಮರುಹೊಂದಾಣಿಕೆಗೂ 33% ಎಂಬ ಗೆರೆ ಬಳಕೆಯಲ್ಲಿದೆ. ಪಟ್ಟಿ ಎಷ್ಟು ಮುಖ್ಯ ಎಂಬುದಕ್ಕೆ 2023ರ ಬರ ನೋಡಿ. 223 ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾದಾಗ, ಸಣ್ಣ ರೈತರ ಸಂಖ್ಯೆಗೆ 2015–16ರ ಕೃಷಿ ಗಣತಿಯನ್ನು ಬಿಟ್ಟು ರೈತರ, ಅವರ ಜಮೀನಿನ ವಿವರ ದಾಖಲಿಸುವ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದ ನೋಂದಣಿಯನ್ನು ಪರಿಗಣಿಸಿ ಎಂದು ರಾಜ್ಯ ಕೇಂದ್ರವನ್ನು ಕೇಳಬೇಕಾಯಿತು.

33% ಎಂದು ಹೇಗೆ ತೋರಿಸುವುದು

ಕಣ್ಣಂದಾಜು ಬೇಡ. ಪ್ರತಿ ಸಾಲಿನಲ್ಲಿ ಹತ್ತನೆಯ ಮರ ಎಂಬಂತೆ ಮೊದಲೇ ನಿಯಮ ಮಾಡಿಕೊಂಡು 30 ಮರ ಗುರುತಿಸಿ, ಬಣ್ಣ ಹಚ್ಚಿ. ಹೆಚ್ಚು ಉದುರಿದ ಮರಗಳನ್ನೇ ಆರಿಸಿದರೆ ಜಂಟಿ ಸಮೀಕ್ಷೆಗೆ ಬಂದವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬುಡದಲ್ಲಿ ಬಿದ್ದ ಕಾಯಿ, ಗೊನೆಯಲ್ಲಿ ಉಳಿದ ಕಾಯಿ ಎರಡನ್ನೂ ಎಣಿಸಿ. ಕೊಳೆ ರೋಗದಲ್ಲಿ ಉದುರುವಿಕೆ ಒಂದೇ ದಿನದ್ದಲ್ಲ, ವಾರಗಟ್ಟಲೆ ನಡೆಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಎಣಿಸಿ ದಿನಾಂಕದೊಂದಿಗೆ ಕೂಡಿಸಬೇಕು, ಎಣಿಸಿದ ಮೇಲೆ ಹೆಕ್ಕಬೇಕು. 30 ಮರದಲ್ಲಿ ಒಟ್ಟು 7,500 ಕಾಯಿ, ಮೊದಲ ವಾರ ಉದುರಿದ್ದು 1,400, ಮುಂದಿನ ವಾರ 1,000 ಎಂದರೆ 32%. ಅಲ್ಲಿಗೆ ಎಣಿಕೆ ನಿಲ್ಲಿಸಿದವರು ಅನರ್ಹರು. ಮೂರನೆಯ ವಾರ 300 ಉದುರಿದರೆ 36%. ಹೆಕ್ಕಿ ಗೊಬ್ಬರದ ಗುಂಡಿಗೆ ಹಾಕಿದ ಮೇಲೆ ಕರೆಸಿದರೆ ಸಮೀಕ್ಷೆಯವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ಎಲ್ಲರೂ 100% ಎಂದು ಬರೆಯುವ ಊರಿನ ಅರ್ಜಿಗಳನ್ನು ಒಟ್ಟಿಗೆ ಕತ್ತರಿಸುತ್ತಾರೆ. ಅದರಲ್ಲಿ ನಿಜವಾಗಿ 60% ಕಳೆದುಕೊಂಡವನಿಗೂ ಏಟು.

ಫೋಟೋ ಮೂರು ಬೇಕು: ತೋಟದ ದೂರದ ನೋಟ, ಗುರುತು ಹಾಕಿದ ಮರದ ಬುಡ, ಹತ್ತಿರದಿಂದ ಕಾಯಿ. ಸ್ಥಳ, ಸಮಯ ಮೂಡುವಂತೆ ತೆಗೆಯಿರಿ. ಜೂನ್ ಕೊನೆಯಲ್ಲಿ ಅದೇ ಮರಗಳ ಒಳ್ಳೆಯ ಸ್ಥಿತಿಯ ಫೋಟೋ ಇದ್ದರೆ ಮುಂದಿನದಕ್ಕೆಲ್ಲ ಅರ್ಥ ಬರುತ್ತದೆ. ಜೊತೆಗೆ ಹಿಂದಿನ ಎರಡು ಮೂರು ವರ್ಷದ ಮಂಡಿ ಅಥವಾ ಸಂಘದ ರಸೀದಿ, ಮತ್ತು ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ. ಬಾಯಿಮಾತಿನಲ್ಲಿ ಗ್ರಾಮ ಆಡಳಿತಾಧಿಕಾರಿಗೆ ಹೇಳಿದ್ದು ಯಾವ ಪಟ್ಟಿಗೂ ಸೇರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಹಣ ಬಾರದಿರಲು ಕಾರಣ ಬಹುಪಾಲು ದಾಖಲೆಯಲ್ಲೇ ಇರುತ್ತದೆ. ಅಡಿಕೆ ಎದ್ದು ಇಪ್ಪತ್ತು ವರ್ಷವಾದರೂ ಪಹಣಿಯಲ್ಲಿ ಭತ್ತ. ಅಡಿಕೆ ಮರಕ್ಕೆ ಹಬ್ಬಿದ ಮೆಣಸು ಬೆಳೆ ಸಮೀಕ್ಷೆಯಲ್ಲಿ ಮಿಶ್ರ ಬೆಳೆಯಾಗಿ ದಾಖಲಾಗಿಲ್ಲ. ಅಜ್ಜನ ಹೆಸರಿನ ಖಾತೆ ವಾರಸುದಾರರ ಹೆಸರಿಗೆ ಪೌತಿಯಾಗಿಲ್ಲ. ಫ್ರೂಟ್ಸ್ ಗುರುತಿನ ಸಂಖ್ಯೆಗೆ ಎರಡನೆಯ ಸರ್ವೆ ನಂಬರು ಸೇರಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿದೆ. 2020ರಿಂದ ರೈತರೇ ಆ್ಯಪ್‌ನಲ್ಲಿ ಬೆಳೆ ಸಮೀಕ್ಷೆ ಮಾಡಬಹುದು. ದಾಖಲಾದ ಬೆಳೆ ಸರಿಯಿದೆಯೇ ಎಂದು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಿ, ಆಕ್ಷೇಪಣೆಯ ಅವಧಿಯೊಳಗೆ ತಿದ್ದಿಸಿಕೊಳ್ಳಬೇಕು. ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವವರ ಪಾಡು ಬೇರೆಯೇ: ಪಹಣಿಯಲ್ಲಿ ಅವರಿಲ್ಲ, ಒಪ್ಪಂದ ಬಾಯಿಮಾತಿನದು, ನಷ್ಟ ಅವರದು, ಪರಿಹಾರ ಬಂದರೆ ಜಮೀನಿನ ಮಾಲೀಕರ ಖಾತೆಗೆ.

ಸಾಲ ಪ್ರಮಾಣ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಶುರುವಾಗುವ ಹಣಕಾಸು ವರ್ಷಕ್ಕೆ ಮುಂಚೆಯೇ ತೀರ್ಮಾನವಾಗುತ್ತದೆ. ಅಡಿಕೆ ಕೊಯ್ಲು ಮುಗಿಸಿ, ಸುಲಿದು, ಒಣಗಿಸಿ, ಲೆಕ್ಕ ಕೂಡಿಸಿ ಸಂಘಕ್ಕೆ ಕೊಡುತ್ತೇವೆ ಎಂದು ಕೂತರೆ ಸಮಿತಿಯ ಕಡತ ಮುಚ್ಚಿರುತ್ತದೆ. ಮಳೆಗಾಲದ ಮದ್ದಿನ ಕೂಲಿ, ಅಕ್ಟೋಬರ್‌ವರೆಗಿನ ಮಳೆ ಡೈರಿ, ಉದುರಿದ ಕಾಯಿಯ ಎಣಿಕೆ, ಇಷ್ಟನ್ನು ನವೆಂಬರ್‌ನಲ್ಲೇ ಸಂಘಕ್ಕೆ ತಲುಪಿಸಬಹುದು. ಕೊಯ್ಲಿನ ಕೂಲಿ ಆಮೇಲೆ ಸೇರಲಿ.